ಪುರಾತನ ಬೆಳ್ಳಿ ನಾಣ್ಯಗಳ ಸಹಜ ವರ್ಣಛಾಯೆಯನ್ನು ಗುರುತಿಸುವ ವಿಧಾನ

ಹಳೆಯ ಬೆಳ್ಳಿ ನಾಣ್ಯಗಳ ಪರಿಶೀಲನೆಯನ್ನು ಕೋರುವ ಸಾರ್ವಜನಿಕರಲ್ಲಿ ಕೆಲವರು ನಾಣ್ಯಗಳನ್ನು ಉಜ್ಜಿ, ಹೊಳಪು ಬರಿಸಿ ತರುವುದುಂಟು. ಇದರಿಂದ ನಾಣ್ಯದ ಪೂರ್ವಸ್ಥಿತಿಗೆ ಸಾಕ್ಷಿಯಾದ ಮೇಲ್ಪದರವು ನಾಶವಾಗುತ್ತದೆ. ಅದನ್ನು ಮತ್ತೆ ಪಡೆಯಲು ಸಾಧ್ಯವಿಲ್ಲ. ಆದುದರಿಂದ ಅರ್ಜಿದಾರರ ತಿಳಿವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ವರ್ಣಛಾಯೆ ಎಂದರೇನು?

ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಮುಂತಾದ ಗಂಧಕಯುಕ್ತ ಅನಿಲಗಳು ಬೆಳ್ಳಿಯೊಡನೆ ವರ್ತಿಸಿದಾಗ ನಾಣ್ಯದ ಮೇಲೆ ಸಿಲ್ವರ್ ಸಲ್ಫೈಡಿನ ಅತಿ ತೆಳುವಾದ ಪೊರೆ ಉಂಟಾಗುತ್ತದೆ. ನಾಣ್ಯಸಂಗ್ರಾಹಕರು ಇದನ್ನು ‘ಟೋನಿಂಗ್’ ಎನ್ನುವರು. ಸಾಬೂನಿನ ಗುಳ್ಳೆಯಲ್ಲಿ ಕಾಣುವಂತೆಯೇ, ಪೊರೆಯ ದಪ್ಪಕ್ಕೆ ಅನುಗುಣವಾಗಿ ಬಣ್ಣಗಳು ತೋರುತ್ತವೆ. ಮೊದಲು ತಿಳಿಹೊನ್ನಿನ ಬಣ್ಣ, ಬಳಿಕ ಕೆಂಪು ಮಿಶ್ರಿತ ನೇರಳೆ, ಅನಂತರ ನೀಲಿ ಕಾಣಿಸಿಕೊಂಡು, ಪೊರೆಯು ಬಹಳ ದಪ್ಪವಾದಾಗ ನಾಣ್ಯವು ಕಪ್ಪಾಗುತ್ತದೆ.

ಸಹಜ ವರ್ಣಛಾಯೆಯ ಲಕ್ಷಣಗಳು

1. ಬಣ್ಣಗಳು ಮೇಲೆ ಹೇಳಿದ ಕ್ರಮದಲ್ಲಿಯೇ ಒಂದರೊಳಗೊಂದು ನಿಧಾನವಾಗಿ ಬೆರೆತಿರುತ್ತವೆ.
2. ಛಾಯೆಯು ಸಾಮಾನ್ಯವಾಗಿ ಅಂಚಿನಲ್ಲಿ ಹಾಗೂ ಅಕ್ಷರಗಳ ಸುತ್ತ ಗಾಢವಾಗಿದ್ದು, ನಡುವಿಗೆ ಬಂದಂತೆ ತಿಳಿಯಾಗುತ್ತದೆ.
3. ಬಳಕೆಯಿಂದ ಸವೆಯದ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದಾಗ, ಬಣ್ಣದ ಕೆಳಗಿನಿಂದ ಟಂಕಿತ ಲೋಹದ ಮೂಲ ಹೊಳಪು ಕಾಣುತ್ತದೆ.

ಕೃತಕ ವರ್ಣಛಾಯೆಯ ಲಕ್ಷಣಗಳು

ಗಂಧಕಯುಕ್ತ ದ್ರಾವಣ ಅಥವಾ ಶಾಖದಿಂದ ಅಲ್ಪಾವಧಿಯಲ್ಲಿಯೇ ಬಣ್ಣ ಬರಿಸಬಹುದಾಗಿದೆ. ಇಂತಹ ನಾಣ್ಯಗಳಲ್ಲಿ ಬಣ್ಣಗಳ ಕ್ರಮ ತಪ್ಪಿರುವುದು, ಗೆರೆ ಎಳೆದಂತೆ ಬಣ್ಣ ಥಟ್ಟನೆ ನಿಲ್ಲುವುದು, ಹನಿ ಬಿದ್ದಂತಹ ಕಲೆಗಳು ಹಾಗೂ ಕೆಲವೊಮ್ಮೆ ಗಂಧಕದ ವಾಸನೆ ಕಂಡುಬರುತ್ತವೆ. ಬಣ್ಣದ ಕೆಳಗೆ ಕೂದಲೆಳೆಯಂತಹ ಗೀರುಗಳಿದ್ದಲ್ಲಿ, ನಾಣ್ಯವನ್ನು ಹಿಂದೆ ಉಜ್ಜಲಾಗಿತ್ತೆಂದು ಭಾವಿಸಬಹುದು. ಆ ಬಣ್ಣವು ಅನಂತರ ತಾನಾಗಿಯೇ ಬಂದಿರಲೂಬಹುದು. ಆದ್ದರಿಂದ ಯಾವುದೇ ಒಂದು ಲಕ್ಷಣವನ್ನು ಮಾತ್ರ ಆಧರಿಸಿ ತೀರ್ಮಾನಿಸತಕ್ಕದ್ದಲ್ಲ.

ವರ್ಣಛಾಯೆಯು ಸಹಜವಾಗಿದ್ದ ಮಾತ್ರಕ್ಕೆ ನಾಣ್ಯವು ಅಸಲಿಯೆಂದು ಹೇಳಲಾಗದು. ತೂಕ, ವ್ಯಾಸ ಮತ್ತು ಅಚ್ಚಿನ ವಿವರಗಳನ್ನೂ ನೋಡಬೇಕಾಗುತ್ತದೆ. ಉದಾಹರಣೆಗೆ, ವಿಕ್ಟೋರಿಯಾ ರಾಣಿಯ ಮುಖಮುದ್ರೆಯ ಬೆಳ್ಳಿ ರೂಪಾಯಿಯ ನಿಗದಿತ ತೂಕ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ, ಅದರಲ್ಲಿ ಬೆಳ್ಳಿಯ ಪ್ರಮಾಣ ಶೇಕಡ 91.7ರಷ್ಟು. ಸವೆದ ನಾಣ್ಯದ ತೂಕ ಇದಕ್ಕಿಂತ ತುಸು ಕಡಿಮೆ ಇರಬಹುದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ನಾಣ್ಯವನ್ನು ವಿಭೂತಿ, ಹಲ್ಲುಪುಡಿ, ಹುಣಸೆಹಣ್ಣು ಅಥವಾ ಬೆಳ್ಳಿ ತೊಳೆಯುವ ದ್ರಾವಣಗಳಿಂದ ಶುಚಿಗೊಳಿಸಬಾರದು.
2. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯತಕ್ಕದ್ದು.
3. ರಬ್ಬರ್ ಬ್ಯಾಂಡ್ ಹಾಗೂ ಪಿ.ವಿ.ಸಿ. ಪ್ಲಾಸ್ಟಿಕ್ ಚೀಲಗಳನ್ನು ಬಳಸಬಾರದು.
4. ನೆಲದಲ್ಲಿ ದೊರೆತ ನಾಣ್ಯಗಳಿಗೆ ಅಂಟಿರುವ ಮಣ್ಣನ್ನೂ ತೆಗೆಯದೆ, ಕೂಡಲೇ ಸಂಬಂಧಪಟ್ಟ ಜಿಲ್ಲಾಧಿಕಾರಿಯವರಿಗೆ ಲಿಖಿತವಾಗಿ ತಿಳಿಸತಕ್ಕದ್ದು.

ಕಪ್ಪಾದ ನಾಣ್ಯವು ಕೆಟ್ಟ ನಾಣ್ಯವಲ್ಲ. ಮನೆಯಲ್ಲಿ ದೊರೆತ ಸ್ಥಿತಿಯಲ್ಲಿಯೇ ಅದನ್ನು ಪರಿಶೀಲನೆಗೆ ಹಾಜರುಪಡಿಸಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.