ಹಿಮದ ಮೇಲೆ ಮೊದಲ ಸವಾರಿ

ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ ನಮ್ಮ ಚಿಂತಾಕಿಯ ಆಸುಪಾಸಿನಲ್ಲಿ ಎರೆಯ ಹೊಲಗಳುಂಟು. ಶ್ರಾವಣದ ಮಳೆ ಎರಡು ದಿನ ಹಿಡಿದು ಹೊಡೆದ ಮೇಲೆ ಆ ಹೊಲಗಳಲ್ಲಿ ಬಂಡಿ ಹೂಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಗಾಲಿ ಹೂತುಹೋಗುತ್ತದೆ, ಎತ್ತುಗಳು ಎಷ್ಟು ಎಳೆದರೂ ಇನ್ನಷ್ಟು ಇಳಿಯುತ್ತದೆ. ಆಗ ರೈತನು ತೊಗರಿಕಟ್ಟಿಗೆಯ ಕಂತೆಯನ್ನೋ ಒಂದು ಹಲಗೆಯನ್ನೋ ತಂದು ಗಾಲಿಯ ಕೆಳಗೆ ಒಡ್ಡುತ್ತಾನೆ. ಬಂಡಿಯ ಭಾರ ಒಂದು ತೊಲೆಯಷ್ಟೂ ಕಡಮೆಯಾಗಿಲ್ಲ. ಆದರೂ ಗಾಲಿ ಮೇಲೇಳುತ್ತದೆ. ಭಾರ ಅದೇ ಆದರೂ ಅದು ಹರಡಿದ ಜಾಗ ದೊಡ್ಡದಾಯಿತು. ಒಂದೊಂದು ಅಂಗುಲ ಮಣ್ಣಿನ ಪಾಲಿಗೆ ಬಂದ ಒತ್ತಡ ಚಿಕ್ಕದಾಯಿತು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ವಾಚಕರು ನನ್ನೊಡನೆ ಉತ್ತರಧ್ರುವದ ಕಡೆಗೆ ಹೊರಡಬಹುದು.

ನಾವು ಹೋಗಬೇಕಾದ ಸ್ಥಳ ಸ್ವಾಲ್‌ಬಾರ್ಡ್. ನಾರ್ವೆ ದೇಶದ ಆಳ್ವಿಕೆಗೆ ಸೇರಿದ, ಆರ್ಕ್ಟಿಕ್ ಸಾಗರದ ನಡುವಿನ ದ್ವೀಪಸ್ತೋಮ ಇದು. ಅದರ ಮುಖ್ಯ ಊರು ಲಾಂಗ್‌ಇಯರ್‌ಬ್ಯೆನ್ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಮ್ಮದು ಸುಮಾರು 18. ಮಾರ್ಚ್ 21ರ ನಡುಹಗಲಿನಲ್ಲಿ ಸೂರ್ಯನು ನಮ್ಮ ದಿಗಂತದಿಂದ 72 ಡಿಗ್ರಿ ಎತ್ತರದಲ್ಲಿ ಸುಡುತ್ತಿರುವಾಗ ಅಲ್ಲಿ ಅವನು 12 ಡಿಗ್ರಿಯಷ್ಟೆ ಏರಿರುತ್ತಾನೆ. ಅಕ್ಟೋಬರ್ ಕೊನೆಯಲ್ಲಿ ಮುಳುಗಿದವನು ಫೆಬ್ರುವರಿ ನಡುವಿನವರೆಗೆ ಮೇಲೆ ಬರುವುದೇ ಇಲ್ಲ. ಬಂದ ಮೇಲೂ ಸುತ್ತಲಿನ ಬೆಟ್ಟಗಳ ಮರೆಯಿಂದ ಇಣುಕಿ ಊರಿಗೆ ಮುಖ ತೋರುವುದು ಮಾರ್ಚ್ 8ರ ಸುಮಾರಿಗೆ.

ಇಷ್ಟು ದೂರದ ನಾಡು ಕನ್ನಡಿಗರಿಗೆ ತೀರ ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಲಾಂಗ್‌ಇಯರ್‌ಬ್ಯೆನ್‌ಗೂ ಉತ್ತರಕ್ಕಿರುವ ನ್ಯೂ ಓಲೆಸುಂಡ್ ಎಂಬಲ್ಲಿ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ನಡೆಯುತ್ತಿದೆ. ಮೊದಲು ನಮ್ಮವರು ಅಲ್ಲಿಗೆ ಬಹುಮಟ್ಟಿಗೆ ಬೇಸಗೆಯಲ್ಲಿಯೇ ಹೋಗಿಬರುತ್ತಿದ್ದರು. 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡ ಹೊರಟಾಗ ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲುಗೊಂಡಿತ್ತು. ವಿಶ್ವದ ಶೈಶವದಿಂದ ಬರುವ ಅತಿ ಕ್ಷೀಣವಾದ ರೇಡಿಯೋ ಅಲೆಗಳನ್ನು ಕೇಳಬೇಕಾದರೆ ಮನುಷ್ಯನ ಗದ್ದಲವಿಲ್ಲದ ಜಾಗ ಬೇಕು; ನ್ಯೂ ಓಲೆಸುಂಡ್‌ನಲ್ಲಿ ವೈಫೈ ಬಳಸುವುದೂ ನಿಷಿದ್ಧ. ಅಂಥ ಕಡೆ ಚಳಿಗಾಲ ಬಂತೆಂದರೆ ಊರಿನಿಂದಾಚೆ ರಸ್ತೆ ಎಂಬುದು ಇರುವುದಿಲ್ಲ. ವಿಜ್ಞಾನಿಯಾಗಲಿ ಪ್ರವಾಸಿಯಾಗಲಿ ಸ್ನೋಮೊಬೈಲ್ ಎಂಬ ಹಿಮವಾಹನವನ್ನು ಏರಬೇಕು. ಜನ್ಮದಲ್ಲಿ ಹಿಮವನ್ನು ಕಂಡಿರದವರೂ ಅರ್ಧ ದಿನ ಮಾರ್ಗದರ್ಶಕನೊಬ್ಬನ ಹಿಂದೆ ಅದನ್ನು ನಡೆಸಿಕೊಂಡು ಹೋಗಿ ಬರುತ್ತಾರೆ.

ಈ ವಾಹನದ ಹುಟ್ಟಿನ ಹಿಂದೆ ಒಂದು ದುಃಖದ ಕಥೆ ಇದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಅರ್ಮಾನ್ ಬೊಂಬಾರ್ದಿಯೆ ಎಂಬ ಯಂತ್ರಕುಶಲಿ ಇದ್ದನು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗುವಿನ ಹೊಟ್ಟೆಯಲ್ಲಿ ಕರುಳಬಾಲ ಕೆಟ್ಟು ತುರ್ತು ಶಸ್ತ್ರಚಿಕಿತ್ಸೆ ಬೇಕಾಯಿತು. ಆಸ್ಪತ್ರೆ ದೂರದಲ್ಲಿ, ದಾರಿಯೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು. ತಾನೇ ಕಟ್ಟುತ್ತಿದ್ದ ಹಿಮವಾಹನ ಇನ್ನೂ ಓಡುವ ಸ್ಥಿತಿಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ. 1937ರಲ್ಲಿ ಅವನು ಹಲ್ಲುಗಾಲಿಯ ಮೇಲೆ ಸುತ್ತುವ ರಬ್ಬರಿನ ಪಟ್ಟಿಗೆ ಏಕಸ್ವಾಮ್ಯ ಪಡೆದು, ಏಳು ಜನ ಕೂರುವ ವಾಹನವನ್ನು ಮಾರಾಟಕ್ಕಿಟ್ಟನು. ಒಬ್ಬಿಬ್ಬರು ಮೋಟಾರುಸೈಕಲ್ಲಿನಂತೆ ಕುಳಿತು ಹೋಗುವ ಹಗುರವಾದ ‘ಸ್ಕೀ ಡೂ’ ಬಂದುದು 1959ರಲ್ಲಿ. ಒಂಬತ್ತೇ ವರ್ಷಗಳಲ್ಲಿ, 1968ರ ಏಪ್ರಿಲಿನಲ್ಲಿ, ರಾಲ್ಫ್ ಪ್ಲೈಸ್ಟೆಡ್ ಎಂಬ ಅಮೆರಿಕನನ ತಂಡ ಇಂಥ ವಾಹನಗಳ ಮೇಲೆಯೇ ಉತ್ತರಧ್ರುವವನ್ನು ಮುಟ್ಟಿತು.

ಇದರ ರಚನೆ ಸರಳ. ಮುಂದೆ ಎರಡು ಸ್ಕೀಗಳು, ಎಂದರೆ ಮೂತಿ ಮೇಲಕ್ಕೆ ಬಾಗಿದ ಜಾರುಪಟ್ಟಿಗಳು. ಹಿಂದೆ, ಸವಾರನ ಆಸನದ ಕೆಳಗೆ, ಒಂದು ಅಗಲವಾದ ರಬ್ಬರ್ ಪಟ್ಟಿ ಸುತ್ತುತ್ತಿರುತ್ತದೆ. ಪಟ್ಟಿ ಹಿಮವನ್ನು ಹಿಂದಕ್ಕೆ ತಳ್ಳುತ್ತದೆ, ವಾಹನ ಮುಂದಕ್ಕೆ ಹೋಗುತ್ತದೆ. ಸ್ಕೀಗಳು ದಾರಿ ತಿರುಗಿಸುತ್ತವೆ. ಈಗ ಎರೆಹೊಲದ ಲೆಕ್ಕವನ್ನು ಮಾಡೋಣ. ವಾಹನದ ತೂಕ 300 ಕಿಲೋಗ್ರಾಂ, ಉಡುಪುಸಹಿತ ಸವಾರ 80, ಒಟ್ಟು 380 ಎಂದಿಟ್ಟುಕೊಳ್ಳಿ. ಪಟ್ಟಿಯೂ ಸ್ಕೀಗಳೂ ಸೇರಿ ಹಿಮವನ್ನು ಒತ್ತುವ ಜಾಗ ಸುಮಾರು ಅರ್ಧ ಚದರ ಮೀಟರ್, ಎಂದರೆ 5000 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿನ ಪಾಲಿಗೆ ಬಂದುದು 76 ಗ್ರಾಂ. 70 ಕಿಲೋಗ್ರಾಂ ತೂಕದ ಮನುಷ್ಯ ನಡೆಯುವಾಗ ಅವನ ಭಾರವೆಲ್ಲ ಒಂದೇ ಪಾದದ ಮೇಲೆ, ಸುಮಾರು 200 ಚದರ ಸೆಂಟಿಮೀಟರಿನ ಮೇಲೆ ಬೀಳುತ್ತದೆ. ಅವನ ಒತ್ತಡ 350 ಗ್ರಾಂ. ಐದಾರು ಪಾಲು ಭಾರದ ಯಂತ್ರ ಮನುಷ್ಯನಿಗಿಂತ ನಾಲ್ಕೂವರೆ ಪಾಲು ಮೃದುವಾಗಿ ಹಿಮವನ್ನು ತುಳಿಯುತ್ತದೆ! ವಾಹನದಿಂದ ಕೆಳಗಿಳಿದ ಹೊಸಬನು ತೊಡೆಯವರೆಗೆ ಹಿಮದಲ್ಲಿ ಹೂತು ಬೆಪ್ಪಾಗಿ ನಿಲ್ಲುವುದು ಇದರಿಂದಲೇ.

ಹೂಳದಿದ್ದರೆ ಸಾಲದು, ಜಾರಬೇಕು. ಮಂಜುಗಡ್ಡೆ ಜಾರುವುದೇಕೆ? ಒತ್ತಿದರೆ ಅದು ಕರಗುತ್ತದೆ, ಆ ನೀರು ಎಣ್ಣೆಯಂತೆ ವರ್ತಿಸುತ್ತದೆ ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಬರೆದೆವು, ಅಂಕಗಳನ್ನೂ ಪಡೆದೆವು. ಲೆಕ್ಕ ಹಾಕಿದರೆ ಈ ಉತ್ತರ ನಿಲ್ಲುವುದಿಲ್ಲ. ವಾಯುಮಂಡಲದ ಒತ್ತಡದಷ್ಟು ಒತ್ತಿದರೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುವುದು 0.0075 ಡಿಗ್ರಿ ಮಾತ್ರ. ನಮ್ಮ ವಾಹನದ ಒತ್ತಡ ಅದರ ಹದಿಮೂರರಲ್ಲೊಂದು ಪಾಲು. ಅದರಿಂದಾಗುವ ಇಳಿತ ಡಿಗ್ರಿಯ ಸಾವಿರದಲ್ಲೊಂದು ಭಾಗವೂ ಇಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಹಿಮಕ್ಕೆ ಇದು ಯಾವ ಲೆಕ್ಕ? ನಿಜವಾದ ಕಾರಣಗಳು ಬೇರೆ. ಮಂಜುಗಡ್ಡೆಯ ಮೈಮೇಲೆ, ಕರಗುವ ಬಿಂದುವಿಗಿಂತ ಕೆಳಗೂ, ದ್ರವದಂತಿರುವ ಒಂದು ತೆಳುಪದರ ಇರುತ್ತದೆಂದು ಫ್ಯಾರಡೆ 1850ರಲ್ಲಿಯೇ ಊಹಿಸಿದ್ದನು. ಜಾರುವಾಗಿನ ಘರ್ಷಣೆಯ ಶಾಖವೇ ಹಿಮದ ಕಣಗಳ ತುದಿಗಳನ್ನು ಕರಗಿಸುತ್ತದೆಂದು ಬೌಡನ್ ಮತ್ತು ಹ್ಯೂಸ್ 1939ರಲ್ಲಿ ತೋರಿಸಿದರು. ಆದುದರಿಂದ ಚಳಿ ಅತಿಯಾದಷ್ಟೂ ಹಿಮ ಹೆಚ್ಚು ಜಾರುವುದೆಂಬ ಎಣಿಕೆ ತಪ್ಪು. ಕಡುಚಳಿಯಲ್ಲಿ ಅದು ಹೊಳೆಯ ಮರಳಿನಂತೆ ಸ್ಕೀಯನ್ನು ಹಿಡಿಯುತ್ತದೆ.

ಇನ್ನೊಂದು ವಿನೋದ: ಇಂಥ ಚಳಿಯಲ್ಲಿಯೂ ಈ ಯಂತ್ರ ಕಾದು ಕೆಡಬಹುದು. ಅನೇಕ ಹಿಮವಾಹನಗಳಲ್ಲಿ ಎಂಜಿನ್ನಿನ ಶಾಖವನ್ನು ಹೊರಹಾಕುವ ನಾಳಗಳು ಪಟ್ಟಿಯ ಮೇಲ್ಗಡೆ ಇರುತ್ತವೆ. ಪಟ್ಟಿ ಎರಚುವ ಸಡಿಲ ಹಿಮವೇ ಅವುಗಳಿಗೆ ತಂಪು. ಬರಿಯ ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿಸಿದರೆ ಎರಚಲು ಹಿಮವಿಲ್ಲ, ಎಂಜಿನ್ ಕುದಿಯತೊಡಗುತ್ತದೆ.

ನಡೆಸುವುದು ಕಷ್ಟವಲ್ಲ. ನಮ್ಮ ಊರುಗಳಲ್ಲಿ ಗೇರಿಲ್ಲದ ಸ್ಕೂಟರ್ ನಡೆಸುವವರು ಇದರ ಅರ್ಧ ವಿದ್ಯೆಯನ್ನು ಆಗಲೇ ಕಲಿತಿದ್ದಾರೆ. ಎಂಜಿನ್ನಿನ ವೇಗ ಏರಿದಂತೆ ತಿರುಗುವ ತೂಕಗಳು ಹೊರಕ್ಕೆ ಸಿಡಿದು ರಾಟೆಯ ಎರಡು ತಟ್ಟೆಗಳನ್ನು ಒಂದಕ್ಕೊಂದು ಒತ್ತುತ್ತವೆ. ನಡುವಿನ ಬೆಲ್ಟು ಮೇಲೇರಿ ಗಾಲಿಗೆ ವೇಗ ಕೊಡುತ್ತದೆ. ಎರಡರಲ್ಲಿಯೂ ತತ್ತ್ವ ಒಂದೇ. ಆದರೆ ಹಿಮವಾಹನದಲ್ಲಿ ವೇಗದ ಹಿಡಿಕೆಯನ್ನು ತಿರುಚುವುದಿಲ್ಲ. ಬಲಗೈಯ ಹೆಬ್ಬೆರಳಿನಿಂದ ಒಂದು ಸನ್ನೆಯನ್ನು ಒತ್ತಬೇಕು. ಎಡಗೈಯಲ್ಲಿ ಬ್ರೇಕು. ಸವಾರನ ಉಡುಪಿಗೆ ಒಂದು ದಾರ ಸಿಕ್ಕಿಸಿರುತ್ತದೆ. ಅವನು ಉರುಳಿದರೆ ದಾರ ಕಳಚಿ ಎಂಜಿನ್ ತಾನಾಗಿ ನಿಲ್ಲುತ್ತದೆ. ಮೋಟಾರುಸೈಕಲ್ಲಿನ ಅಭ್ಯಾಸವಿದ್ದವರಿಗೆ ಒಂದು ಅಪಾಯ ಹೆಚ್ಚು. ವಾಹನ ವಾಲಿದೊಡನೆ ಅವರು ಕಾಲನ್ನು ನೆಲಕ್ಕೆ ಊರಲು ಹೋಗುತ್ತಾರೆ. ಮುನ್ನೂರು ಕಿಲೋಗ್ರಾಂ ಭಾರ ಆ ಕಾಲಿನ ಮೇಲೆ ಬಿದ್ದರೆ ಗತಿಯೇನು? ಆದ್ದರಿಂದ ಮಾರ್ಗದರ್ಶಕನ ಮೊದಲ ಪಾಠ: ಪಾದಗಳು ಪಾದಪಟ್ಟಿಯ ಮೇಲೆಯೇ ಇರಲಿ. ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವಾಗ ಕಾಲನ್ನಲ್ಲ, ಮೈಯನ್ನು ಏರಿನ ಕಡೆಗೆ ವಾಲಿಸಬೇಕು. ಗುರುತ್ವದ ರೇಖೆ ಸ್ಕೀಗಳ ನಡುವೆ ಬಿದ್ದರೆ ವಾಹನ ಮಗುಚುವುದಿಲ್ಲ.

ಇನ್ನು ಚಳಿಯ ಮಾತು. ಡಿಸೆಂಬರಿನ ನಸುಕಿನಲ್ಲಿ ಔರಾದಿನಿಂದ ಬೀದರಕ್ಕೆ ಮೋಟಾರುಸೈಕಲ್ಲಿನ ಮೇಲೆ ಹೋದವರು ಗಾಳಿಯಿಲ್ಲದ ದಿನವೂ ಎದೆಗೆ ವೃತ್ತಪತ್ರಿಕೆ ಒಡ್ಡಿಕೊಂಡಿರುತ್ತಾರೆ. ಮೈಯನ್ನು ಅಂಟಿಕೊಂಡು ಬೆಚ್ಚಗಿನ ಗಾಳಿಯ ಒಂದು ಪದರ ಇರುತ್ತದೆ. ಓಟ ಅದನ್ನು ಒರೆಸಿಹಾಕುತ್ತದೆ. ಗಾಳಿ ಬೀಸಿದರೂ ಒಂದೇ, ನಾವು ಗಾಳಿಯೊಳಗೆ ನುಗ್ಗಿದರೂ ಒಂದೇ. ಸೈಪಲ್ ಮತ್ತು ಪ್ಯಾಸೆಲ್ ಎಂಬವರು ಅಂಟಾರ್ಕ್ಟಿಕದಲ್ಲಿ ನೀರು ತುಂಬಿದ ಕೊಳವೆಯೊಂದು ಹೆಪ್ಪುಗಟ್ಟುವ ಹೊತ್ತನ್ನು ಅಳೆದು 1945ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. 2001ರಲ್ಲಿ ಅದನ್ನು ತಿದ್ದಲಾಯಿತು. ಈ ಹೊಸ ಸೂತ್ರದಂತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ನಿಶ್ಚಲ ಗಾಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಓಡಿದರೆ ಬರಿಯ ಕೆನ್ನೆಗೆ 34 ಡಿಗ್ರಿ ಕೆಳಗಿನ ಚಳಿ ತಗಲಿದಂತಾಗುತ್ತದೆ. ಆ ಮಟ್ಟದಲ್ಲಿ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಚರ್ಮ ಹೆಪ್ಪುಗಟ್ಟಬಹುದು. ಈ ಅಂಕಿ ಜೀವವಿರುವ ಮೈಗೆ ಮಾತ್ರ ಎಂಬುದನ್ನು ಮರೆಯಬಾರದು. ವಾಹನದ ಕಬ್ಬಿಣ ಬೇಗ ತಣಿದೀತು, ಆದರೆ ಗಾಳಿಯ 20 ಡಿಗ್ರಿಗಿಂತ ಕೆಳಗೆ ಇಳಿಯದು.

ಉಡುಪಿನ ರಹಸ್ಯ ನಮ್ಮ ಕೌದಿಯಲ್ಲಿದೆ. ಅಜ್ಜಿಯಂದಿರು ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ ಹೊಲಿಯುವಾಗ ನಿಜವಾಗಿ ಹೊಲಿಯುವುದು ಪದರಗಳ ನಡುವಿನ ಗಾಳಿಯನ್ನು. ನಿಂತ ಗಾಳಿಯಷ್ಟು ಶಾಖವನ್ನು ತಡೆಯುವ ಅಗ್ಗದ ವಸ್ತು ಬೇರೆ ಇಲ್ಲ. ಧ್ರುವನಾಡಿನಲ್ಲಿಯೂ ಒಂದೇ ದಪ್ಪ ಕೋಟಿಗಿಂತ ಮೂರು ಪದರಗಳು ಲೇಸು: ಒಳಗೆ ತೆಳುವಾದ ಉಣ್ಣೆ, ನಡುವೆ ದಪ್ಪ ಉಣ್ಣೆ, ಹೊರಗೆ ಗಾಳಿ ನುಗ್ಗದ ಇಡೀ ಮೈಯ ಉಡುಪು. ಹತ್ತಿಬಟ್ಟೆಯನ್ನು ಒಳಗೆ ತೊಡಬಾರದು. ಅದು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಾಲು ಬೇಗ ಶಾಖವನ್ನು ಸಾಗಿಸುತ್ತದೆ. ಕಾಲಿಗೆ ಎರಡು ಜೊತೆ ಕಾಲುಚೀಲ ತುರುಕಿ ಬೂಟನ್ನು ಬಿಗಿ ಮಾಡಿಕೊಂಡವನ ಬೆರಳುಗಳೇ ಮೊದಲು ಮರಗಟ್ಟುವುದು: ಗಾಳಿಗೂ ಜಾಗವಿಲ್ಲ, ರಕ್ತಕ್ಕೂ ದಾರಿಯಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಮಾರ್ಗದರ್ಶಕನೇಕೆ ಬೇಕು? ನನ್ನ ತರಗತಿಯ ಹುಡುಗನೊಬ್ಬ ಈ ಪ್ರಶ್ನೆಯನ್ನು ಕೇಳಿದ್ದನು; ಒಳ್ಳೆಯ ಪ್ರಶ್ನೆ. ಯಂತ್ರವನ್ನು ನಡೆಸುವ ವಿದ್ಯೆ ಅರ್ಧ ಗಂಟೆಯಲ್ಲಿ ಬರುತ್ತದೆ. ಹಿಮ ಏನನ್ನು ಮುಚ್ಚಿದೆ ಎಂಬುದನ್ನು ಓದುವ ವಿದ್ಯೆ ಹಾಗೆ ಬರುವುದಿಲ್ಲ.

ನಮ್ಮ ಕಣ್ಣು ನೆಲದ ಏರುತಗ್ಗುಗಳನ್ನು ತಿಳಿಯುವುದು ಹೆಚ್ಚಾಗಿ ನೆರಳುಗಳಿಂದ. ಮೋಡ ಕವಿದ ದಿನ ಅಲ್ಲಿ ಬೆಳಕು ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬೀಳುತ್ತದೆ. ಹೊಸ ಹಿಮ ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಮರಳಿಸುತ್ತದೆ. ನೆರಳೇ ಇಲ್ಲವಾಗುತ್ತದೆ. ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ತೊಡಗಿತು ಎಂಬುದು ತಿಳಿಯದು. ಎದುರಿಗೇ ಆಳೆತ್ತರದ ಕೊರಕಲಿದ್ದರೂ ಕಾಣದು. ಹಿಮನದಿಗಳ ಮೈಯಲ್ಲಿ ಆಳವಾದ ಬಿರುಕುಗಳಿರುತ್ತವೆ. ಗಾಳಿ ತಂದ ಹಿಮ ಅವುಗಳ ಬಾಯಿಗೆ ತೆಳುವಾದ ಸೇತುವೆ ಕಟ್ಟಿರುತ್ತದೆ. ಕಡಿದಾದ ಇಳುಕಲುಗಳಲ್ಲಿ ಹಿಮದ ಪದರವೇ ಕಳಚಿ ಕುಸಿಯಬಹುದು. ಆದ್ದರಿಂದ ವಾಹನಗಳೆಲ್ಲ ಒಂದರ ಹಿಂದೊಂದು, ನಡುವೆ ಅಂತರವಿಟ್ಟು, ಮುಂದಿನವನ ಜಾಡಿನಲ್ಲಿಯೇ ಹೋಗಬೇಕು. ಒಬ್ಬೊಬ್ಬನೂ ಆಗಾಗ ಹಿಂದಿರುಗಿ ನೋಡುತ್ತಿರಬೇಕು. ಹಿಂದಿನವನು ಕಾಣದಿದ್ದರೆ ನಿಲ್ಲಬೇಕು. ಹೀಗೆ ಒಬ್ಬ ನಿಂತರೆ ಸಾಲು ಪೂರ್ತಿ ನಿಲ್ಲುತ್ತದೆ. ಹಿಮಕರಡಿಯ ಭಯವೂ ಉಂಟು. ಊರಿನಾಚೆ ಹೋಗುವವರು ಅದನ್ನು ಬೆದರಿಸಿ ಓಡಿಸುವ ಸಾಧನವನ್ನು ಒಯ್ಯಲೇಬೇಕೆಂದು ಅಲ್ಲಿಯ ಕಾನೂನಿದೆ. ಮಾರ್ಗದರ್ಶಕನ ಬೆನ್ನಿಗೆ ಬಂದೂಕೂ ಇರುತ್ತದೆ. ಕಾನೂನು ಕರಡಿಯನ್ನೂ ಮರೆತಿಲ್ಲ. 2025ರ ಜನವರಿಯಿಂದ ಅದರ 300 ಮೀಟರ್ ಒಳಗೆ ಹೋಗುವಂತಿಲ್ಲ. ಮಾರ್ಚಿನಿಂದ ಜೂನ್‌ವರೆಗೆ ಈ ಅಂತರ 500 ಮೀಟರ್.

ಎಲ್ಲಕ್ಕಿಂತ ಕಠಿನವಾದುದು ಕಡಲಿನ ಮಂಜುಗಡ್ಡೆ. ಅಲ್ಲಿಯ ಕೊಲ್ಲಿಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಅವೇ ಅತ್ಯಂತ ಸಮತಟ್ಟಾದ ದಾರಿಗಳು. ಉಪ್ಪುನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ. ಆಗ ಉಪ್ಪಿನ ಬಹುಪಾಲು ಹೊರಬೀಳುತ್ತದೆ, ಸ್ವಲ್ಪ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಉಪ್ಪುನೀರಿನ ಗುಳ್ಳೆಗಳಿಂದಾಗಿ ಕಡಲ ಮಂಜುಗಡ್ಡೆ ಅದೇ ದಪ್ಪದ ಕೆರೆಯ ಮಂಜುಗಡ್ಡೆಗಿಂತ ದುರ್ಬಲ. ಮೇಲೆ ಹಿಮ ಬಿದ್ದರೆ ಅದೂ ಒಂದು ಕೌದಿಯೇ; ಕೆಳಗಿನ ಮಂಜುಗಡ್ಡೆ ದಪ್ಪವಾಗದಂತೆ ಚಳಿಯನ್ನು ತಡೆಯುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಬಿಳುಪು.

1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಾಲು ಬೇಗ ಬಿಸಿಯಾಗುತ್ತ ಬಂದಿದೆ. ಹಿಮಾದ್ರಿಯ ಎದುರಿನ ಕೊಲ್ಲಿಯಾದ ಕಾಂಗ್ಸ್‌ಫಿಯೋರ್ಡಿನಲ್ಲಿ 2006ರ ಬಳಿಕ ಚಳಿಗಾಲದ ಮಂಜುಗಡ್ಡೆ ಬಹಳ ಕಡಮೆಯಾಗಿದೆ. ಅದರ ನೀರಿನ ಉಷ್ಣತೆಯನ್ನೂ ಉಪ್ಪನ್ನೂ ಅಳೆಯಲು ಭಾರತದ ವಿಜ್ಞಾನಿಗಳು 2014ರಲ್ಲಿ ಆಳದಲ್ಲಿ ಉಪಕರಣಗಳನ್ನು ಕಟ್ಟಿ ಬಿಟ್ಟರು. ಹಿಂದಿನ ತಲೆಮಾರಿನ ಮಾರ್ಗದರ್ಶಕರು ನಿಶ್ಚಿಂತೆಯಿಂದ ದಾಟುತ್ತಿದ್ದ ಕೊಲ್ಲಿಯನ್ನು ಇಂದಿನವನು ಹಾಗೆ ದಾಟುವುದಿಲ್ಲ. ದಂಡೆಯಲ್ಲಿ ಸಾಲನ್ನು ನಿಲ್ಲಿಸಿ, ತಾನೊಬ್ಬನೇ ನಡೆದು ಹೋಗಿ, ಬೈರಿಗೆಯಿಂದ ರಂಧ್ರ ಕೊರೆದು ಅಳತೆಗೋಲನ್ನು ಇಳಿಬಿಡುತ್ತಾನೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೊಂದು ರಂಧ್ರ ಕೊರೆಯುತ್ತಾನೆ. ದಪ್ಪ ಸಾಲದೆಂದು ಕಂಡರೆ ಕೈಯೆತ್ತಿ ಸನ್ನೆ ಮಾಡುತ್ತಾನೆ. ವಾಹನಗಳು ಒಂದೊಂದಾಗಿ ತಿರುಗಿ ಬೆಟ್ಟದ ಬದಿಯ ಸುತ್ತುದಾರಿಯನ್ನು ಹಿಡಿಯುತ್ತವೆ.