ಡಿಸೆಂಬರ್ ೨೯: ಕನ್ನಡದ ಜನಪ್ರಿಯ ಗಾಯನದಲ್ಲಿ ಒಂದು ತಾರೀಖಿನ ವಿಚಾರ

ಸಂಗೀತದ ಇತಿಹಾಸವನ್ನು ದಿನಚರಿಯ ರೂಪದಲ್ಲಿ ಹೇಳುವ ಪದ್ಧತಿ ಆಕಾಶವಾಣಿ ಮತ್ತು ಪತ್ರಿಕೆಗಳ ಮೂಲಕ ರೂಢಿಗೆ ಬಂದದ್ದು. ‘ಈ ದಿನ’ ಹುಟ್ಟಿದ ಗಾಯಕ, ‘ಈ ದಿನ’ ತೀರಿಕೊಂಡ ಸಂಯೋಜಕ, ‘ಈ ದಿನ’ ಬಿಡುಗಡೆಯಾದ ಧ್ವನಿಮುದ್ರಿಕೆ ಎಂಬ ಕ್ರಮದಲ್ಲಿ ಸಾಗುವ ಇಂತಹ ಪಟ್ಟಿಗಳನ್ನು ವಿದ್ವತ್ ವಲಯ ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಆದರೆ ಶಾಲಾ ಕಾಲೇಜುಗಳ ಜಯಂತಿ, ಸ್ಮರಣೆ, ಉಪನ್ಯಾಸಗಳೆಲ್ಲವೂ ಈ ಪಟ್ಟಿಗಳನ್ನೇ ಅವಲಂಬಿಸಿ ನಡೆಯುತ್ತಿರುವುದರಿಂದ, ತಾರೀಖು ಯಾರನ್ನು ನೆನಪಿಸುತ್ತದೆ, ಯಾರನ್ನು ಮರೆಸುತ್ತದೆ ಎಂಬುದು ಕನ್ನಡ ವಿಭಾಗಗಳ ಮಟ್ಟಿಗೆ ಅಲಕ್ಷಿಸಬಹುದಾದ ಪ್ರಶ್ನೆಯಲ್ಲ.

ಈ ದೃಷ್ಟಿಯಿಂದ ಕನ್ನಡದಲ್ಲಿ ಅತ್ಯಂತ ಗಮನಾರ್ಹವಾದ ದಿನ ಡಿಸೆಂಬರ್ ೨೯. ೧೯೦೪ರ ಆ ದಿನ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ಕುವೆಂಪು ಜನಿಸಿದರು. ೧೯೩೯ರ ಅದೇ ತಾರೀಖಿನಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಸಿ. ಅಶ್ವತ್ಥ್ ಜನಿಸಿದರು. ೨೦೦೯ರ ಡಿಸೆಂಬರ್ ೨೯ರಂದು, ಸರಿಯಾಗಿ ಎಪ್ಪತ್ತು ವರ್ಷ ತುಂಬಿದ ದಿನವೇ, ಅಶ್ವತ್ಥ್ ಬೆಂಗಳೂರಿನಲ್ಲಿ ನಿಧನರಾದರು. ಮರುದಿನ ನಟ ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡದ್ದರಿಂದ ನಾಡಿನ ಶೋಕವೆಲ್ಲ ಆ ಕಡೆಗೆ ಹರಿಯಿತು. ಅಶ್ವತ್ಥರ ಅಗಲಿಕೆಗೆ ಸಲ್ಲಬೇಕಾಗಿದ್ದ ಸಾರ್ವಜನಿಕ ಗಮನ ಒಂದೇ ದಿನಕ್ಕೆ ಮುಗಿಯಿತೆಂದೇ ಹೇಳಬೇಕು. ೨೦೧೫ರಲ್ಲಿ ರಾಜ್ಯ ಸರ್ಕಾರ ಕುವೆಂಪು ಜನ್ಮದಿನವನ್ನು ‘ವಿಶ್ವಮಾನವ ದಿನ’ವೆಂದು ಘೋಷಿಸಿದ ಮೇಲೆ ಡಿಸೆಂಬರ್ ೨೯ ಅಧಿಕೃತವಾಗಿ ಕವಿಯ ದಿನವಾಯಿತು.

ಹೀಗೆ ಒಂದು ದಿನಕ್ಕೆ ಹಲವು ಘಟನೆಗಳು ಬಂದು ಸೇರುವುದರಲ್ಲಿ ಅರ್ಥವಿದೆಯೇ? ಬೇರೆಡೆಯ ಎರಡು ಉದಾಹರಣೆಗಳನ್ನು ನೋಡಬಹುದು. ೧೯೫೯ರ ಫೆಬ್ರವರಿ ೩ರಂದು ಅಮೆರಿಕದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್ ಮತ್ತು ‘ಬಿಗ್ ಬಾಪರ್’ ಎಂದು ಹೆಸರಾಗಿದ್ದ ಗಾಯಕ, ಮೂವರೂ ಒಟ್ಟಿಗೆ ಮಡಿದರು. ಅಲ್ಲಿ ದಿನ ಒಂದು, ಘಟನೆಯೂ ಒಂದು. ಆಕಸ್ಮಿಕ ಹೊಂದಾಣಿಕೆಯ ಮಾತೇ ಇಲ್ಲ. ಹಿಂದಿ ಚಿತ್ರರಂಗದ ಕಿಶೋರ್ ಕುಮಾರ್ ೧೯೮೭ರ ಅಕ್ಟೋಬರ್ ೧೩ರಂದು ತೀರಿಕೊಂಡಾಗ ಅದು ಅಣ್ಣ ಅಶೋಕ್ ಕುಮಾರರ ಹುಟ್ಟುಹಬ್ಬದ ದಿನವಾಗಿತ್ತು. ಈ ಹೊಂದಾಣಿಕೆ ಆಕಸ್ಮಿಕವಾದರೂ ಒಂದು ಕುಟುಂಬದ ಬಾಳಿನಲ್ಲಿ ಅದು ಪರಿಣಾಮ ಬೀರಿತು. ಅಣ್ಣ ಮುಂದೆ ತಮ್ಮ ಹುಟ್ಟುಹಬ್ಬವನ್ನು ಆಚರಿಸಿಕೊಳ್ಳಲಿಲ್ಲ. ಡಿಸೆಂಬರ್ ೨೯ ಈ ಎರಡೂ ಬಗೆಗೆ ಸೇರುವುದಿಲ್ಲ. ಕವಿಗೂ ಗಾಯಕನಿಗೂ ನಡುವೆ ಮೂವತ್ತೈದು ವರ್ಷಗಳ ಅಂತರವಿದೆ, ರಕ್ತಸಂಬಂಧವಿಲ್ಲ. ಇರುವ ಸಂಬಂಧ ಕೃತಿಯ ಮೂಲಕ ಏರ್ಪಟ್ಟದ್ದು. ಆದ್ದರಿಂದ ಈ ದಿನದ ವಿಚಾರವನ್ನು ಜಾತಕದ ಕುತೂಹಲವಾಗಿ ನೋಡದೆ, ಕವಿತೆ ಹಾಡಾಗಿ ಜನರನ್ನು ತಲುಪಿದ ಬಗೆಯಾಗಿ ನೋಡುವುದು ಸೂಕ್ತ.

ಅಶ್ವತ್ಥ್ ಐಟಿಐ ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಸಂಗೀತ ಸಂಯೋಜನೆಗೆ ತೊಡಗಿದವರು. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದ್ದ ಅವರು ರಂಗಭೂಮಿಯ ಹಾಡುಗಾರಿಕೆಯಿಂದ ಚಲನಚಿತ್ರಕ್ಕೆ ಬಂದರು. ಎಪ್ಪತ್ತರ ದಶಕದ ‘ಕಾಕನಕೋಟೆ’ಯಿಂದ ೧೯೯೭ರ ‘ನಾಗಮಂಡಲ’ದವರೆಗೆ ಅವರ ಸಂಯೋಜನೆಗಳಲ್ಲಿ ನಾಟಕದ ಗಟ್ಟಿ ದನಿಯೂ ಜನಪದದ ಲಯವೂ ಕಾಣುತ್ತವೆ. ಭಾವಗೀತೆ ಎಂದರೆ ಮೆಲುದನಿಯಲ್ಲಿ ಹಾಡುವುದು ಎಂಬ ಆಗಿನ ಕಲ್ಪನೆಯನ್ನು ಅವರ ಏರುಕಂಠ ಒಡೆಯಿತು. ಇದನ್ನು ಒಪ್ಪದವರೂ ಇದ್ದರು. ಕವಿತೆಯ ಸೂಕ್ಷ್ಮ ಅಬ್ಬರದಲ್ಲಿ ಕರಗುತ್ತದೆಂಬ ಆಕ್ಷೇಪಕ್ಕೆ ಕೆಲವು ಹಾಡುಗಳ ಮಟ್ಟಿಗೆ ಆಧಾರವೂ ಇದೆ. ಆದರೆ ಕುವೆಂಪು ಅವರ ‘ನೇಗಿಲಯೋಗಿ’ಯಂತಹ ಕವಿತೆಗೆ ಬೇಕಾಗಿದ್ದುದು ಅಂತಹ ಕಂಠವೇ. ೧೯೮೩ರ ‘ಕಾಮನಬಿಲ್ಲು’ ಚಿತ್ರದಲ್ಲಿ ಉಪೇಂದ್ರಕುಮಾರ್ ಸಂಗೀತದಲ್ಲಿ ಅಶ್ವತ್ಥ್ ಅದನ್ನು ಹಾಡಿದರು. ಪಠ್ಯದಲ್ಲಿದ್ದ ಪದ್ಯ ಹೊಲದ ಬದುವಿಗೆ ಬಂದು, ಮುಂದೆ ರೈತಗೀತೆಯಾಗಿ ಸರ್ಕಾರಿ ಸಮಾರಂಭಗಳ ಭಾಗವಾಯಿತು. ಡಿಸೆಂಬರ್ ೨೯ರ ಇಬ್ಬರು ನಿಜವಾಗಿ ಭೇಟಿಯಾದದ್ದು ಇಂತಹ ಕಡೆ. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಕನ್ನಡ ಕವಿತೆಗೆ ಅಪಾರ ಜನಸ್ತೋಮವನ್ನು ಕೂಡಿಸಿತು. ಅದರ ಹೆಸರೂ ಕುವೆಂಪು ಅವರ ಮಾತಿನಿಂದಲೇ ಬಂದದ್ದು.

ಈ ಸಂಬಂಧದ ತೊಡಕಿನ ಮುಖ ನಾಡಗೀತೆಯಲ್ಲಿ ಕಾಣುತ್ತದೆ. ಕುವೆಂಪು ಅವರ ಗೀತೆಯನ್ನು ೨೦೦೪ರಲ್ಲಿ ನಾಡಗೀತೆಯೆಂದು ಘೋಷಿಸಿದಾಗ ಪಠ್ಯ ನಿಗದಿಯಾಯಿತು, ಧಾಟಿ ನಿಗದಿಯಾಗಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು, ಅಶ್ವತ್ಥರ ಧಾಟಿ ಇನ್ನೊಂದು, ಎರಡೂ ಬಳಕೆಯಲ್ಲಿದ್ದವು. ಸಮಿತಿಗಳು ಬಂದು ಹೋದವು. ೨೦೨೨ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪ ಮತ್ತು ಪುನರಾವರ್ತನೆಗಳಿಲ್ಲದೆ ೨ ನಿಮಿಷ ೩೦ ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ಇದನ್ನು ಪ್ರಶ್ನಿಸಿ ಸಲ್ಲಿಸಿದ್ದ ಅರ್ಜಿಯನ್ನು ಉಚ್ಚ ನ್ಯಾಯಾಲಯ ೨೦೨೪ರಲ್ಲಿ ವಜಾ ಮಾಡಿತು. ಆದೇಶ ಶಾಲೆಗಳ ಏಕರೂಪತೆಗೆ ಅನುಕೂಲವಾಗಿದೆ ಎಂಬುದು ನಿಜ. ಆದರೆ ಎರಡು ಧಾಟಿಗಳ ಈ ವಿವಾದವಿಲ್ಲದೆ ಹೋಗಿದ್ದರೆ ಗೀತೆಗೆ ಧಾಟಿ ಕಟ್ಟಿದವರೊಬ್ಬರಿದ್ದಾರೆ ಎಂಬ ಸಂಗತಿಯೇ ಬಹುಮಂದಿಗೆ ತಿಳಿಯುತ್ತಿರಲಿಲ್ಲವೇನೋ. ಸಮಾರಂಭಗಳ ಆಹ್ವಾನಪತ್ರಿಕೆಯಲ್ಲಿ ‘ನಾಡಗೀತೆ’, ‘ರೈತಗೀತೆ’ ಎಂಬ ಸಾಲುಗಳಿರುತ್ತವೆ, ಹಾಡುವವರ ಹೆಸರೂ ಇರುತ್ತದೆ, ಸ್ವರ ಸಂಯೋಜಕರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಡಿಸೆಂಬರ್ ೨೯ರ ಆಚರಣೆಗೂ ಈ ಮಾತು ಅನ್ವಯಿಸುತ್ತದೆ.

ಅಶ್ವತ್ಥರ ಹೆಸರಿನೊಂದಿಗೆ ಕೂಡಿಕೊಂಡಿರುವ ಇನ್ನೊಂದು ಹೆಸರು ಶಿಶುನಾಳ ಶರೀಫರದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ನಗರದ ಕೇಳುಗರಿಗೆ ತಲುಪಿಸಲು ಶ್ರಮಿಸಿದರು. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರ ಕಂಠದಲ್ಲಿ ಆ ಪದಗಳು ಕ್ಯಾಸೆಟ್ಟುಗಳಾಗಿ ಮನೆಮನೆಗೆ ಹೋದವು. ೧೯೯೦ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅಶ್ವತ್ಥರೇ ಸಂಗೀತ ನೀಡಿದರು. ಶರೀಫರ ಪರಿಚಯ ಬರಹಗಳಲ್ಲಿ ಅವರ ಜನನವನ್ನು ೧೮೧೯ರ ಜುಲೈ ೩ ಎಂದೂ ಮರಣವನ್ನು ೧೮೮೯ರ ಜುಲೈ ೩ ಎಂದೂ ಕೊಡುವ ವಾಡಿಕೆಯಿದೆ. ಹಾಡಿದವನೂ ಹಾಡಿಸಿಕೊಂಡವನೂ ತಮ್ಮ ತಮ್ಮ ಎಪ್ಪತ್ತನೆಯ ಜನ್ಮದಿನದಂದೇ ತೀರಿಕೊಂಡರೆಂಬ ಈ ಸಾಮ್ಯ ಭಾಷಣಕಾರರಿಗೆ ಪ್ರಿಯವಾಗುವಂತಹುದು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಶ್ವತ್ಥರ ತಾರೀಖುಗಳು ದಾಖಲೆಯ ಕಾಲದವು. ೧೮೧೯ರಲ್ಲಿ ಶಿಗ್ಗಾಂವಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಮಗುವಿನ ಇಂಗ್ಲಿಷ್ ತಾರೀಖನ್ನು ಅಂದೇ ಬರೆದಿಟ್ಟಿರುವ ಸಂಭವ ಕಡಿಮೆ. ಅದು ಅನಂತರದ ಗಣನೆಯಿಂದ ಬಂದಿರಬೇಕು. ಹುಟ್ಟಿದ ದಿನವೇ ಗುರುವಿನೊಡನೆ ಬೆರೆತನೆಂಬುದು ಸಂತಚರಿತ್ರೆಗಳಿಗೆ ಒಪ್ಪುವ ಕಲ್ಪನೆಯೂ ಹೌದು. ಆದ್ದರಿಂದ ಜುಲೈ ೩ರ ಜನನವನ್ನು ಪರಂಪರೆಯ ಹೇಳಿಕೆಯೆಂದು ಉಲ್ಲೇಖಿಸುವುದೇ ಯುಕ್ತ.

ಇಲ್ಲಿ ಪಂಚಾಂಗದ ಪ್ರಶ್ನೆ ಎದುರಾಗುತ್ತದೆ. ಕುವೆಂಪು ಹುಟ್ಟಿದ್ದು ಕ್ರೋಧಿ ಸಂವತ್ಸರದ ಮಾರ್ಗಶಿರ ಬಹುಳ ಸಪ್ತಮಿ, ಗುರುವಾರ. ಅಶ್ವತ್ಥ್ ಹುಟ್ಟಿದ್ದು ಪ್ರಮಾಥಿ ಸಂವತ್ಸರದ ಮಾರ್ಗಶಿರದಲ್ಲಿ, ಹುಣ್ಣಿಮೆ ಕಳೆದ ಮೂರನೆಯ ದಿನ. ಅವರು ತೀರಿಕೊಂಡದ್ದು ವಿರೋಧಿ ಸಂವತ್ಸರದ ಪುಷ್ಯ ಶುದ್ಧದಲ್ಲಿ, ಹುಣ್ಣಿಮೆಗೆ ಎರಡು ದಿನ ಮೊದಲು. ಎಂದರೆ, ತಿಥಿಯ ಲೆಕ್ಕದಲ್ಲಿ ಇವು ಮೂರೂ ಬೇರೆ ಬೇರೆ ದಿನಗಳು. ಕೊನೆಯದಕ್ಕೆ ಮಾಸವೂ ಬೇರೆ, ಪಕ್ಷವೂ ಬೇರೆ. ಚಾಂದ್ರಮಾನದ ತಿಥಿ ಮತ್ತು ಇಂಗ್ಲಿಷ್ ತಾರೀಖು ಹೆಚ್ಚು ಕಡಿಮೆ ಹತ್ತೊಂಬತ್ತು ವರ್ಷಕ್ಕೊಮ್ಮೆ ಮತ್ತೆ ಕೂಡುತ್ತವೆ. ಇಲ್ಲಿನ ಅಂತರಗಳು ಮೂವತ್ತೈದು ಮತ್ತು ಎಪ್ಪತ್ತು; ಎರಡೂ ಹತ್ತೊಂಬತ್ತರ ಮಗ್ಗಿಯಲ್ಲಿ ಬರುವುದಿಲ್ಲ. ಶರೀಫರ ಎಪ್ಪತ್ತು ವರ್ಷಕ್ಕೂ ಇದೇ ಮಾತು. ಮನೆಯವರು ವಾರ್ಷಿಕ ಶ್ರಾದ್ಧವನ್ನು ತಿಥಿಯಂತೆ ಮಾಡುವುದು, ಸಂಸ್ಥೆಗಳು ಸ್ಮರಣೆಯನ್ನು ತಾರೀಖಿನಂತೆ ಮಾಡುವುದು ಕನ್ನಡ ನಾಡಿನಲ್ಲಿ ಸಾಮಾನ್ಯವಾಗಿರುವಾಗ, ‘ಒಂದೇ ದಿನ’ ಎಂಬ ಮಾತು ಯಾವ ಪಂಚಾಂಗದ ದಿನ ಎಂಬುದನ್ನು ಅವಲಂಬಿಸುತ್ತದೆ.

ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾಗುವುದು ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಊರಿನಿಂದ ನೋಡಿದಾಗ. ಇಂದು ಯಾದಗಿರಿ ಜಿಲ್ಲೆಗೂ, ಹಿಂದೆ ಗುಲಬರ್ಗಾ ಜಿಲ್ಲೆಗೂ ಸೇರಿದ್ದ ಈ ಸೀಮೆ ೧೯೪೮ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಆಡಳಿತದಲ್ಲಿ ಕಂದಾಯದ ಲೆಕ್ಕ ನಡೆಯುತ್ತಿದ್ದುದು ಫಸಲಿ ವರ್ಷದಲ್ಲಿ. ಫಸಲಿಗೆ ೫೯೦ ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕದ ವರ್ಷ ಸಿಗುತ್ತದೆ. ಕುವೆಂಪು ಹುಟ್ಟಿದ ದಿನ ಇಲ್ಲಿನ ದಫ್ತರಗಳಲ್ಲಿ ೧೩೧೪ನೆಯ ಫಸಲಿ, ಅಶ್ವತ್ಥ್ ಹುಟ್ಟಿದ ದಿನ ೧೩೪೯ನೆಯ ಫಸಲಿ. ಹಿರೇಕೊಡಿಗೆ, ಚನ್ನರಾಯಪಟ್ಟಣಗಳು ಮೈಸೂರು ಸಂಸ್ಥಾನದವು. ಕನ್ನಡದ ಸುಗಮ ಸಂಗೀತದ ಕಥೆಯೆಲ್ಲ ಬಹುಮಟ್ಟಿಗೆ ಮೈಸೂರು, ಬೆಂಗಳೂರುಗಳ ಕಥೆಯಾಗಿರುವುದು ಇದರೊಂದಿಗೆ ಸೇರಿಯೇ ಇದೆ. ೧೯೬೬ರಲ್ಲಿ ಗುಲಬರ್ಗಾ ಆಕಾಶವಾಣಿ ಆರಂಭವಾದ ಮೇಲೆ, ಅನಂತರ ಕ್ಯಾಸೆಟ್ಟುಗಳ ಕಾಲದಲ್ಲಿ, ಆ ಹಾಡುಗಳು ಈ ಸೀಮೆಗೆ ಹೇರಳವಾಗಿ ಬಂದವು. ಅಷ್ಟರಲ್ಲಿ ಇಲ್ಲಿ ಹಾಡು ಇರಲಿಲ್ಲವೆಂದಲ್ಲ.

ಇಲ್ಲಿನ ಜನಪ್ರಿಯ ಗಾಯನಕ್ಕೆ ಅದರದೇ ಆದ ಪಂಚಾಂಗಗಳಿವೆ, ಒಂದಲ್ಲ, ಹಲವು. ತತ್ವಪದದ ಭಜನೆ ಅಮಾವಾಸ್ಯೆ ಹುಣ್ಣಿಮೆಗಳನ್ನು ಹಿಡಿದು ನಡೆಯುತ್ತದೆ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ ಮತ್ತು ಅವರ ಶಿಷ್ಯಪರಂಪರೆಯ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರ ಪದಗಳು ಏಕತಾರಿ, ದಿಮ್ಮು, ತಾಳಗಳೊಂದಿಗೆ ರಾತ್ರಿಯಿಡೀ ಸಾಗುತ್ತವೆ. ಯಾದಗಿರಿ ಬಳಿಯ ಮೈಲಾಪುರದ ಮೈಲಾರಲಿಂಗನ ಜಾತ್ರೆ ಮಕರ ಸಂಕ್ರಾಂತಿಯದು. ಸಂಕ್ರಾಂತಿ ಸೌರಮಾನದ ಹಬ್ಬವಾದ್ದರಿಂದ ಅದೊಂದು ಮಾತ್ರ ಜನವರಿ ೧೪ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೊಹರಂನ ಅಲಾಯಿ ಕುಣಿತ ಮತ್ತು ರಿವಾಯತ ಪದಗಳು ಹಿಜರಿ ಪಂಚಾಂಗದವು. ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತ ಸುಮಾರು ಮೂವತ್ತಮೂರು ವರ್ಷಕ್ಕೆ ಮೊದಲಿನ ಋತುವಿಗೆ ಬಂದು ಸೇರುತ್ತವೆ. ಆದ್ದರಿಂದ ಒಂದೇ ರಿವಾಯತ ಒಮ್ಮೆ ಸುಗ್ಗಿಯ ಹಾಡು, ಇನ್ನೊಮ್ಮೆ ಬೇಸಿಗೆಯ ಹಾಡು, ಮತ್ತೊಮ್ಮೆ ಮಳೆಗಾಲದ ಹಾಡು. ಇವುಗಳಲ್ಲಿ ಯಾವುದನ್ನೂ ‘ಈ ದಿನ’ದ ಪಟ್ಟಿಯ ಚೌಕಟ್ಟಿನೊಳಗೆ ಕೂರಿಸಲು ಬಾರದು.

ತಾರೀಖಿಲ್ಲದ ಈ ಪದಕಾರರು ತಮ್ಮ ಗುರುತನ್ನು ಕಾಪಾಡಿಕೊಂಡ ಬಗೆ ಬೇರೆ. ಅದು ಅಂಕಿತ. ಶರೀಫರ ಪದದ ಕೊನೆಯಲ್ಲಿ ಶಿಶುನಾಳಧೀಶ ಬರುತ್ತಾನೆ, ಮಡಿವಾಳಪ್ಪನವರ ಪದಗಳಲ್ಲಿ ಗುರು ಮಹಾಂತನ ಸ್ಮರಣೆ ಬರುತ್ತದೆ. ಹಾಡುವವನು ಬದಲಾದರೂ, ಧಾಟಿ ಬದಲಾದರೂ, ಊರು ಬದಲಾದರೂ ರಚನೆಕಾರನ ಹೆಸರು ಹಾಡಿನೊಳಗೇ ಉಳಿಯುತ್ತದೆ. ಹಾಡಿದಷ್ಟು ಸಲ ಸ್ಮರಣೆಯೂ ನಡೆಯುತ್ತದೆ, ವರ್ಷಕ್ಕೊಮ್ಮೆ ಕಾಯಬೇಕಿಲ್ಲ. ಅಂಕಿತಕ್ಕೆ ಮಿತಿಯೂ ಇದೆ. ಧಾಟಿ ಕಟ್ಟಿದವನನ್ನು, ಪದವನ್ನು ಬಾಯಿಂದ ಬಾಯಿಗೆ ದಾಟಿಸಿದ ಭಜನೆಯ ಮೇಳದವನನ್ನು ಅದು ದಾಖಲಿಸುವುದಿಲ್ಲ. ಈ ಒಂದು ವಿಷಯದಲ್ಲಿ ಕಡಕೋಳದ ಪದಕ್ಕೂ ನಾಡಗೀತೆಗೂ ವ್ಯತ್ಯಾಸವಿಲ್ಲ. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರದಿಂದ ತತ್ವಪದಗಳ ಸಂಪುಟಗಳು ಹೊರಬಂದಿರುವುದರಿಂದ ಪಠ್ಯದ ಕೆಲಸ ಬಹಳ ಮುಂದುವರಿದಿದೆ. ಧಾಟಿಗಳ ಕೆಲಸ ಅಷ್ಟು ಮುಂದೆ ಬಂದಿಲ್ಲ. ಕ್ಷೇತ್ರಕಾರ್ಯಕ್ಕೆ ಹೋದವರು ಪದವನ್ನು ಬರೆದುಕೊಳ್ಳುವಾಗ ಅದನ್ನು ಯಾವ ತಿಥಿಗೆ, ಯಾವ ಹಬ್ಬಕ್ಕೆ, ಯಾರಿಂದ ಕಲಿತು ಹಾಡುತ್ತಾರೆಂಬುದನ್ನೂ ಬರೆದುಕೊಂಡರೆ, ಅಶ್ವತ್ಥರ ಮಟ್ಟಿಗೆ ಸಾಧ್ಯವಾಗಿರುವ ಇತಿಹಾಸ ಈ ಸೀಮೆಯ ಹಾಡುಗಾರರ ಮಟ್ಟಿಗೂ ಸಾಧ್ಯವಾದೀತು.

೨೦೦೯ರಲ್ಲಿ ಮೊಹರಂನ ಹತ್ತನೆಯ ದಿನ ಡಿಸೆಂಬರ್ ೨೮ಕ್ಕೆ ಬಂದಿತ್ತು. ಹಿಜರಿ ಲೆಕ್ಕದ ರಿವಾಯತಗಳು ಆ ವರ್ಷಕ್ಕೆ ಮುಗಿದ ಮರುದಿನವೇ ಬೆಂಗಳೂರಿನಲ್ಲಿ ಅಶ್ವತ್ಥ್ ತೀರಿಕೊಂಡರು. ಮುಂದಿನ ವರ್ಷ ಮೊಹರಂ ಡಿಸೆಂಬರ್ ೧೭ಕ್ಕೆ ಸರಿಯಿತು. ಅಶ್ವತ್ಥರ ಸ್ಮರಣೆ ೨೯ರಲ್ಲಿಯೇ ಉಳಿಯಿತು.