ಉಣ್ಣಲೊಲ್ಲದ ಮಗುವೂ ಹೆತ್ತವರ ಹೊಣೆಯೂ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ದಾರಿಯಲ್ಲಿ ಇಬ್ಬರು ಎದುರಾದರೆ ಮೊದಲು ಬರುವ ಮಾತು 'ಊಟಾಯ್ತೇನ್ರಿ?' ಎಂಬುದು. ಮಳೆಯನ್ನೇ ನಂಬಿ ಜೋಳ ತೊಗರಿಗಳನ್ನು ಬೆಳೆಯುವ ಆ ಕರಿಯ ನೆಲದಲ್ಲಿ ಊಟವಾಗಿದೆಯೆಂಬುದೇ ಒಂದು ಕ್ಷೇಮಸಮಾಚಾರ. ೧೯೭೨ರ ಬರವನ್ನು ಕಂಡ ಹಿರಿಯರು ಇಂದಿಗೂ ಅಲ್ಲಿಯ ಮನೆಗಳಲ್ಲಿದ್ದಾರೆ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲಿ, ನೆರೆಹೊರೆಯವರನ್ನು ಕೂಡಿಸಿಕೊಂಡು ಸಜ್ಜೆರೊಟ್ಟಿ, ಭಜ್ಜಿ ಉಣಬಡಿಸುವುದು ಅವರಿಗೆ ವರುಷದ ದೊಡ್ಡ ಸಂತೋಷ. ಇಂಥ ಮನೆಯಲ್ಲಿ ಹದಿಮೂರು ಹದಿನಾಲ್ಕರ ಮಗಳೊಬ್ಬಳು ಬಡಿಸಿದ ತಾಟನ್ನು ಸರಿಸಿ ಎದ್ದು, ದಿನದಿಂದ ದಿನಕ್ಕೆ ಕೃಶಳಾಗುತ್ತ ಹೋದರೆ ಹೆತ್ತವರಿಗೆ ದಿಕ್ಕೇ ತೋಚುವುದಿಲ್ಲ. ಒಬ್ಬರು ಹಟವೆನ್ನುತ್ತಾರೆ, ಒಬ್ಬರು ದೃಷ್ಟಿಯೆನ್ನುತ್ತಾರೆ, ಇನ್ನೊಬ್ಬರು ಪರೀಕ್ಷೆಯ ಚಿಂತೆಯೆನ್ನುತ್ತಾರೆ. ಇದೊಂದು ರೋಗವಿರಬಹುದೆಂಬ ಯೋಚನೆ ತೀರ ತಡವಾಗಿ ಬರುತ್ತದೆ. ಆ ರೋಗದ ಸ್ವರೂಪವೇನು, ಅದರಿಂದ ಮಗು ಚೇತರಿಸಿಕೊಳ್ಳುವ ದೀರ್ಘ ಕಾಲದಲ್ಲಿ ತಂದೆತಾಯಿಗಳು ಮಾಡಬೇಕಾದುದೇನು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ವೈದ್ಯರು ಇದನ್ನು ಆಹಾರಸೇವನೆಯ ಅಸ್ವಸ್ಥತೆಯೆಂದು ಕರೆಯುತ್ತಾರೆ. ಇದರಲ್ಲಿ ಹಲವು ಬಗೆಗಳುಂಟು. ಅನೊರೆಕ್ಸಿಯಾ ನರ್ವೋಸಾ ಎಂಬುದರಲ್ಲಿ ಮಗು ಊಟವನ್ನು ಕಡಿಮೆ ಮಾಡುತ್ತ ಮಾಡುತ್ತ ಅಪಾಯದ ಮಟ್ಟಕ್ಕೆ ತೂಕ ಕಳೆದುಕೊಳ್ಳುತ್ತದೆ. ಬುಲಿಮಿಯಾ ಎಂಬುದರಲ್ಲಿ ಹತೋಟಿ ತಪ್ಪಿ ಒಮ್ಮೆಗೇ ಬಹಳ ತಿನ್ನುವುದು, ಬಳಿಕ ಪಶ್ಚಾತ್ತಾಪದಿಂದ ವಾಂತಿ ಮಾಡಿಕೊಳ್ಳುವುದು ಅಥವಾ ಉಪವಾಸವಿರುವುದು ನಡೆಯುತ್ತದೆ. ತೂಕ ಸಾಧಾರಣವಾಗಿಯೇ ಉಳಿಯಬಹುದಾದ್ದರಿಂದ ಮನೆಯವರಿಗೆ ಸುಳಿವು ಸಿಗುವುದಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡೀತೆಂಬ ಭಯದಿಂದಲೋ, ವಾಸನೆ ರುಚಿಗಳ ಅಸಹ್ಯದಿಂದಲೋ ನಾಲ್ಕಾರು ಪದಾರ್ಥಗಳಿಗೆ ಮಾತ್ರ ಅಂಟಿಕೊಂಡು ಸೊರಗುವ ಮಕ್ಕಳದು ಇನ್ನೊಂದು ಬಗೆ. ವೈದ್ಯಕೀಯ ವರ್ಗೀಕರಣದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು ೨೦೧೩ರಲ್ಲಿ. ಹುಡುಗಿಯರಲ್ಲಿ ಇವು ಹೆಚ್ಚು, ಹುಡುಗರಲ್ಲಿ ಇಲ್ಲವೆನ್ನುವಂತಿಲ್ಲ. 'ಅನೊರೆಕ್ಸಿಯಾ' ಎಂದರೆ ಹಸಿವಿಲ್ಲದಿರುವುದು ಎಂದರ್ಥ. ಈ ಹೆಸರು ದಾರಿತಪ್ಪಿಸುತ್ತದೆ. ಆ ಮಗುವಿಗೆ ಹಸಿವು ಇದ್ದೇ ಇರುತ್ತದೆ. ಹಸಿವನ್ನು ಗೆಲ್ಲಬೇಕೆಂಬ ಒಳಗಿನ ಒತ್ತಾಯ ಅದಕ್ಕಿಂತ ಬಲವಾಗಿರುತ್ತದೆ.

ಇದು ಪಶ್ಚಿಮದವರ ರೋಗ, ಸಿರಿವಂತರ ರೋಗ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಇತ್ತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಖಂಡೇಲ್ವಾಲ್, ಶರಣ್, ಸಕ್ಸೇನಾ ಎಂಬ ವೈದ್ಯರು ೧೯೯೫ರಲ್ಲಿ ಐವರು ತರುಣಿಯರ ವೃತ್ತಾಂತವನ್ನು ಪ್ರಕಟಿಸಿದರು. ಅವರು ಊಟ ಬಿಟ್ಟಿದ್ದರು, ಪದೇ ಪದೇ ವಾಂತಿಯಾಗುತ್ತಿತ್ತು, ತೂಕ ಬಹಳ ಇಳಿದಿತ್ತು, ಮುಟ್ಟು ನಿಂತಿತ್ತು. ಆದರೆ ತಾವು ದಪ್ಪಗಿದ್ದೇವೆಂಬ ಭ್ರಮೆ, ಪಶ್ಚಿಮದ ಗ್ರಂಥಗಳಲ್ಲಿ ಹೇಳಿದ ರೀತಿಯಲ್ಲಿ, ಅವರಲ್ಲಿ ಕಾಣಲಿಲ್ಲ. ರೋಗವನ್ನು ಗುರುತಿಸುವುದೇ ಮೊದಮೊದಲು ಕಷ್ಟವಾಯಿತು. ಇದರಿಂದ ನಮ್ಮ ತಂದೆತಾಯಿಗಳು ತಿಳಿಯಬೇಕಾದದ್ದು ಬಹಳವಿದೆ. ನಮ್ಮ ಮಗಳು 'ನಾನು ದಪ್ಪ' ಎನ್ನದಿರಬಹುದು. 'ಹೊಟ್ಟೆ ಉಬ್ಬರ', 'ಒಳಗೆ ಇಳಿಯವಲ್ದು', 'ಇವತ್ತು ಒಪ್ಪತ್ತು' ಎನ್ನಬಹುದು. ಮನೆಯವರು ಹೊಟ್ಟೆಯ ವೈದ್ಯರಿಂದ ಹೊಟ್ಟೆಯ ವೈದ್ಯರಿಗೆ ಅಲೆಯುತ್ತಾರೆ. ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿಗಳ ಉಪವಾಸಕ್ಕೆ ಗೌರವವಿರುವ ನಾಡಿನಲ್ಲಿ ರೋಗವು ವ್ರತದ ಮರೆಯಲ್ಲಿಯೂ ಬೆಳೆಯಬಲ್ಲದು. ವ್ರತಕ್ಕೆ ಪಾರಣೆಯ ಹೊತ್ತು ಇರುತ್ತದೆ. ರೋಗದ ಉಪವಾಸಕ್ಕೆ ಆ ಹೊತ್ತು ಬರುವುದಿಲ್ಲ. ಬಿಸಿಲುಸೀಮೆಯಲ್ಲಿಯೂ ಚಳಿಯೆನ್ನುವುದು, ಸಡಿಲವಾದ ಬಟ್ಟೆ ತೊಡುವುದು, ಎಲ್ಲರೊಡನೆ ಉಣ್ಣಲು ತಪ್ಪಿಸಿಕೊಳ್ಳುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು, ಮುಟ್ಟು ನಿಲ್ಲುವುದು ಇವೆಲ್ಲ ಲಕ್ಷಿಸಬೇಕಾದ ಕುರುಹುಗಳು.

ಹಸಿವು ಶರೀರವನ್ನಷ್ಟೇ ಅಲ್ಲದೆ ಬುದ್ಧಿಯನ್ನೂ ಕೆಡಿಸುತ್ತದೆಯೆಂಬುದಕ್ಕೆ ಸ್ಮರಣೀಯವಾದ ಒಂದು ಪ್ರಯೋಗವುಂಟು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ೧೯೪೪–೪೫ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಮುಂದೆ ಬಂದ ೩೬ ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟರು. ಯುದ್ಧದಿಂದ ಹಸಿದಿದ್ದ ಯುರೋಪಿನ ಜನರಿಗೆ ಹೇಗೆ ಉಣಿಸಬೇಕೆಂಬುದನ್ನು ತಿಳಿಯುವುದು ಉದ್ದೇಶ. ಆ ಯುವಕರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ಆಶ್ಚರ್ಯವೆಂದರೆ ಅವರ ಮನಸ್ಸಿನಲ್ಲಾದ ಬದಲಾವಣೆ. ಸ್ನೇಹಪರರಾಗಿದ್ದವರು ಒಂಟಿಯಾದರು, ಸಿಡುಕರಾದರು, ಸದಾ ಊಟದ ಚಿಂತೆಯಲ್ಲಿ ಮುಳುಗಿದರು. ಒಂದು ತಾಟಿನ ಊಟವನ್ನು ಗಂಟೆಗಟ್ಟಲೆ ಉಂಡರು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಅವರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ. ನಮ್ಮ ಮಗಳ ಸಿಟ್ಟು, ಸುಳ್ಳು, ತಾನು ತಿನ್ನದೆ ತಮ್ಮನಿಗೆ ಅಡಿಗೆ ಮಾಡಿ ಬಡಿಸುವ ವಿಚಿತ್ರ ಉತ್ಸಾಹ, ಇವುಗಳಲ್ಲಿ ಹೆಚ್ಚಿನವು ಹಸಿದ ಮಿದುಳಿನ ಲಕ್ಷಣಗಳೇ. ಆದುದರಿಂದ 'ಮೊದಲು ಮನಸ್ಸು ಸರಿಯಾಗಲಿ, ಆಮೇಲೆ ತಾನೇ ಉಂಡಾಳು' ಎಂದು ಕಾಯುವುದು ಸಲ್ಲದು. ಮನಸ್ಸು ಸರಿಯಾಗಬೇಕಾದರೆ ಊಟವೇ ಮೊದಲ ಔಷಧ.

ಇನ್ನು ಹೆತ್ತವರನ್ನು ಒಳಗೊಳಗೇ ಸುಡುವ ಪ್ರಶ್ನೆ: ಇದು ನಮ್ಮ ತಪ್ಪೇ? ಇದಕ್ಕೆ ವೈದ್ಯಶಾಸ್ತ್ರ ಬಹುಕಾಲ ಕಟುವಾದ ಉತ್ತರವನ್ನೇ ಕೊಟ್ಟಿತು. ೧೮೭೩ರಲ್ಲಿ ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು ಬೇರೆ ಬೇರೆಯಾಗಿ ಈ ರೋಗವನ್ನು ವರ್ಣಿಸಿದರು. ಇಂಥ ರೋಗಿಗೆ ಬಂಧುಬಳಗದವರಷ್ಟು ಕೆಟ್ಟ ಪರಿಚಾರಕರಿಲ್ಲವೆಂದು ಗಲ್ ಭಾವಿಸಿದರು. ಮುಂದೆ ೧೮೮೦ರ ದಶಕದಲ್ಲಿ ಪ್ಯಾರಿಸ್ಸಿನ ಶಾರ್ಕೋ, ಮಗಳನ್ನು ತಂದೆತಾಯಿಗಳಿಂದ ಬೇರ್ಪಡಿಸಿದ ಹೊರತು ಗುಣವಿಲ್ಲವೆಂದರು. ಲಾಸೆಗ್ ಮಾತ್ರ ಮನೆಯೊಳಗಿನ ಒಂದು ಸತ್ಯವನ್ನು ಸೂಕ್ಷ್ಮವಾಗಿ ಕಂಡಿದ್ದರು: ಮನೆಯವರ ಬಳಿ ಇರುವುದು ಎರಡೇ ಉಪಾಯ, ಒಂದು ಅಂಗಲಾಚುವುದು, ಇನ್ನೊಂದು ಗದರಿಸುವುದು, ಎರಡೂ ಬೇಗ ಬರಿದಾಗುತ್ತವೆ.

ಮೂರನೆಯ ಉಪಾಯವೊಂದುಂಟೆಂದು ತೋರಿಸಿದವರು ಒಂದು ಶತಮಾನದ ಬಳಿಕ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು. ತಂದೆತಾಯಿಗಳನ್ನು ಹೊರಗಿಡುವ ಬದಲು ಅವರನ್ನೇ ಚಿಕಿತ್ಸೆಯ ಮುಖ್ಯ ಕೈಗಳನ್ನಾಗಿ ಮಾಡಿಕೊಂಡು ನೋಡಿದರು. ಜೆರಾಲ್ಡ್ ರಸೆಲ್ ಮತ್ತು ಸಂಗಡಿಗರು ೮೦ ರೋಗಿಗಳ ಪರೀಕ್ಷೆಯ ಫಲವನ್ನು ೧೯೮೭ರಲ್ಲಿ ಪ್ರಕಟಿಸಿದರು. ಹತ್ತೊಂಬತ್ತು ವರ್ಷದೊಳಗೆ ರೋಗ ಹತ್ತಿ, ಇನ್ನೂ ಮೂರು ವರ್ಷ ತುಂಬದವರಿಗೆ, ಮನೆಯವರೊಡಗೂಡಿದ ಚಿಕಿತ್ಸೆ ಒಬ್ಬೊಬ್ಬರನ್ನೇ ಕೂಡಿಸಿ ನಡೆಸಿದ ಚಿಕಿತ್ಸೆಗಿಂತ ಮೇಲಾಗಿ ಕಂಡಿತು. ೨೦೧೦ರಲ್ಲಿ ಅಮೆರಿಕದಲ್ಲಿ ೧೨೧ ಮಂದಿ ಹದಿಹರೆಯದವರ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಚಿಕಿತ್ಸೆ ಮುಗಿದು ಒಂದು ವರ್ಷ ಕಳೆದಾಗ, ತಂದೆತಾಯಿಗಳು ಉಣಿಸುವ ಹೊಣೆ ಹೊತ್ತ ಗುಂಪಿನಲ್ಲಿ ಪೂರ್ತಿ ಚೇತರಿಸಿಕೊಂಡವರು ನೂರಕ್ಕೆ ೪೯, ಇನ್ನೊಂದರಲ್ಲಿ ೨೩. ಅನುವಂಶೀಯತೆಗೆ ಈ ರೋಗದಲ್ಲಿ ದೊಡ್ಡ ಪಾಲಿದೆಯೆಂಬುದನ್ನು ಅವಳಿಜವಳಿಗಳ ಅಧ್ಯಯನಗಳು ತೋರಿಸಿಕೊಟ್ಟಿವೆ. ತಪ್ಪು ಯಾರದೆಂಬ ವಿಚಾರಣೆಯಲ್ಲಿ ದಿನ ಕಳೆಯುವುದು ಮಗುವಿಗೆ ಉಪಕಾರವಲ್ಲ.

ಹಾಗಾದರೆ ಮಾಡುವುದೇನು? ಮೊಟ್ಟಮೊದಲು ವೈದ್ಯರಿಂದ ನಾಡಿ, ರಕ್ತದೊತ್ತಡ, ರಕ್ತ, ಹೃದಯಗಳ ಪರೀಕ್ಷೆಯಾಗಬೇಕು. ಬಹುದಿನ ಹಸಿದ ಶರೀರಕ್ಕೆ ಒಮ್ಮೆಗೇ ಬಹಳ ಉಣಿಸಿದರೆ ರಕ್ತದಲ್ಲಿಯ ರಂಜಕದ ಅಂಶ ಕುಸಿದು ಪ್ರಾಣಕ್ಕೇ ಎರವಾಗಬಹುದು. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಯಿಂದ ಬಿಡುಗಡೆಯಾಗಿ ಬಂದ ಬಡಕಲು ಜೀವಗಳಲ್ಲಿ ಕೆಲವು, ಊಟ ಸಿಕ್ಕ ಮೇಲೆಯೇ ಅಳಿದದ್ದನ್ನು ವೈದ್ಯರು ಕಂಡಿದ್ದಾರೆ. ಮಗು ಎದ್ದು ನಿಂತಾಗ ಮೂರ್ಛೆ ಹೋಗುವುದು, ನಾಡಿ ನಿಮಿಷಕ್ಕೆ ೫೦ಕ್ಕಿಂತ ಕೆಳಗಿಳಿಯುವುದು, ನೀರನ್ನೂ ನಿರಾಕರಿಸುವುದು, ಸಾಯುವ ಮಾತಾಡುವುದು ಕಂಡರೆ ಮನೆಯ ಉಪಚಾರ ಸಾಲದು. ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ವೈದ್ಯರು ಮನೆಯಲ್ಲಿ ಉಣಿಸಬಹುದೆಂದ ಮೇಲೆ ಏನು, ಎಷ್ಟು, ಯಾವಾಗ ಎಂಬುದನ್ನು ಕೆಲವು ಕಾಲ ಹೆತ್ತವರೇ ನಿರ್ಧರಿಸಬೇಕು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ. ಇದಕ್ಕೆ ಪೇಟೆಯ ಡಬ್ಬಿಗಳು ಅನಿವಾರ್ಯವಲ್ಲ. ಜೋಳದ ರೊಟ್ಟಿ, ತುಪ್ಪ ಹಾಕಿದ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಬೆಳಗ್ಗೆ ಸುಸಲಾ, ಸಂಜೆ ಶೇಂಗಾ ಹೋಳಿಗೆ ಹಾಲು, ಇವುಗಳಲ್ಲಿಯೇ ಬೇಕಾದ ಸತ್ತ್ವವುಂಟು. ಬಡಿಸಿದ ಮೇಲೆ ಒಬ್ಬರು ಜೊತೆಗೆ ಕುಳಿತು ತಾವೂ ಉಣ್ಣಬೇಕು. ಮಗು ಅತ್ತೀತು, ತಾಟು ನೂಕೀತು. ಆಗ ಅಂಗಲಾಚದೆ, ಗದರದೆ, ಮೆಲ್ಲಗೆ ಒಂದೇ ಮಾತು: 'ಇದು ನಿನ್ನ ಔಷಧ ಅದವ್ವಾ. ನೀ ಉಣ್ಣೂ ತನಕಾ ನಾ ಇಲ್ಲೇ ಕುಂತಿರ್ತೀನಿ.' ಕ್ಯಾಲೊರಿಗಳ ತರ್ಕಕ್ಕೆ ಇಳಿಯಬಾರದು. ರೋಗದೊಡನೆ ವಾದದಲ್ಲಿ ಗೆಲ್ಲುವುದಕ್ಕಾಗುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ಉಣ್ಣುವವನ ವಿಚಾರಣೆ ಮಾಡುವುದಿಲ್ಲ. ಆ ಸಮಾಧಾನವೇ ಇಲ್ಲಿಯೂ ಬೇಕು. ಊಟದ ನಂತರದ ಒಂದು ಗಂಟೆ ಮಗುವಿಗೆ ಅತ್ಯಂತ ಕಠಿಣವಾದದ್ದು. ಆಗ ಚೌಕಾಬಾರ, ಹಾಡು, ಹರಟೆ ಯಾವುದಾದರೂ ಜೊತೆಗಿರಲಿ.

ತಂದೆತಾಯಿಗಳ ಮಾತು ಒಂದೇ ಆಗಿರಬೇಕು. ಅಪ್ಪ ಉಣ್ಣು ಎಂದಾಗ ಅಜ್ಜಿ 'ಹೋಗಲಿ ಬಿಡು, ನಾಳೆ ಉಂಡಾಳು' ಎಂದರೆ ರೋಗಕ್ಕೆ ಬಾಗಿಲು ತೆರೆದಂತೆ. ವಾಡಿ, ಶಹಾಬಾದ್, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆ, ರೈಲ್ವೆ, ಪರ್ಸಿ ಕಲ್ಲಿನ ಗಣಿಗಳಲ್ಲಿ ಪಾಳಿಯ ಮೇಲೆ ದುಡಿಯುವವರು ಯಾವ ಹೊತ್ತಿನ ಊಟಕ್ಕೆ ಯಾರು ಕೂಡುವುದೆಂದು ವಾರದ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಧ್ಯಾಹ್ನದ ಊಟಕ್ಕೆ ಶಾಲೆಯ ಒಬ್ಬ ಶಿಕ್ಷಕಿಯ ನೆರವು ಕೇಳುವುದರಲ್ಲಿ ಸಂಕೋಚ ಬೇಡ. ಕಲಬುರಗಿಯ ವಸತಿನಿಲಯಕ್ಕೆ ಕಳಿಸುವ ಆಲೋಚನೆಯಿದ್ದರೆ ಚೇತರಿಕೆ ಗಟ್ಟಿಯಾಗುವವರೆಗೆ ಮುಂದೂಡುವುದು ಲೇಸು. ಒಡಹುಟ್ಟಿದವರನ್ನು ಕಾವಲಿಗೆ ಹಚ್ಚಬಾರದು. ಅವರು ಅಕ್ಕನಿಗೆ ಅಕ್ಕನ ಹಳೆಯ ಪ್ರೀತಿಯನ್ನಷ್ಟೇ ಕೊಡಲಿ. ಗುಣವಾಗುವವರೆಗೆ ಉಪವಾಸದ ವ್ರತಗಳಿಂದ ಮಗುವನ್ನು ಬಿಡಿಸಬೇಕು. ರೋಗಿಗೆ ಉಪವಾಸದ ಕಟ್ಟಿಲ್ಲವೆಂದು ನಮ್ಮ ಸಂಪ್ರದಾಯವೂ ಒಪ್ಪುತ್ತದೆ. ರಂಜಾನ್ ತಿಂಗಳ ರೋಜಾದಲ್ಲಿಯೂ ರೋಗಿಗಳಿಗೆ ವಿನಾಯಿತಿಯುಂಟು. ಮದುವೆ ಮುಂಜಿಗಳಲ್ಲಿ ನೆಂಟರು 'ಎಷ್ಟ್ ಸೊರಗೀದಿ', 'ಈಗ ಮೈ ತುಂಬ್ಯಾದ' ಎನ್ನುವ ಮಾತುಗಳನ್ನು ಮುಂದಾಗಿಯೇ ತಡೆಯಬೇಕು. ಹೊಗಳಿಕೆಯೂ ಆ ಕಿವಿಯಲ್ಲಿ 'ದಪ್ಪಗಾದೆ' ಎಂದೇ ಕೇಳಿಸುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ರೋಗ ಬೇರೆ, ಮಗು ಬೇರೆ ಎಂಬುದನ್ನು ಹೆತ್ತವರು ಮರೆಯಬಾರದು. ಊಟದ ಹೊತ್ತಿಗೆ ತಾಯಿಯ ಮೇಲೆ ಹರಿಹಾಯುವ ಮಗಳೇ ರಾತ್ರಿ ಅವಳ ಮಗ್ಗುಲಲ್ಲಿ ಮಲಗಿ ಅಳುತ್ತಾಳೆ. ರೋಗದ ಮಾತಿಗೆ ಮಣಿಯದಿರುವುದೂ ಮಗಳನ್ನು ಬಿಟ್ಟುಕೊಡದಿರುವುದೂ ಒಂದೇ ಕೆಲಸದ ಎರಡು ಪಾಲುಗಳು.

ಈ ದಾರಿ ತಿಂಗಳುಗಳದು, ಕೆಲವರಿಗೆ ವರ್ಷಗಳದು. ನಡುವೆ ಹಿಂಜರಿಕೆಗಳಾಗುತ್ತವೆ, ಅದರಿಂದ ಹಿಂದಿನ ಶ್ರಮ ವ್ಯರ್ಥವಾಯಿತೆಂದಲ್ಲ. ದಣಿದ ಹೆತ್ತವರಿಗೂ ಆಸರೆ ಬೇಕು. ಕಲಬುರಗಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಹಗಲುರಾತ್ರಿ ಯಾವಾಗಲಾದರೂ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಚೇತರಿಕೆಯಲ್ಲಿ ತೂಕ ಮೊದಲು ಮರಳುತ್ತದೆ, ಮನಸ್ಸು ತಡವಾಗಿ ಹಿಂಬಾಲಿಸುತ್ತದೆ. ತೂಕ ಸರಿಯಾಯಿತೆಂದು ಕೂಡಲೇ ಕಾವಲು ಬಿಟ್ಟರೆ ರೋಗ ಮರುಕಳಿಸೀತು. ಹೊಣೆಯನ್ನು ಒಂದೊಂದೇ ಹೊತ್ತಿನ ಲೆಕ್ಕದಲ್ಲಿ ಹಿಂದಿರುಗಿಸಬೇಕು: ಮೊದಲು ಸಂಜೆಯ ತಿಂಡಿ ಅವಳ ಆಯ್ಕೆ, ಆಮೇಲೆ ಗೆಳತಿಯರೊಡನೆ ಒಂದು ಊಟ, ಬಳಿಕ ತನ್ನ ತಾಟಿಗೆ ತಾನೇ ಬಡಿಸಿಕೊಳ್ಳುವುದು. ಹಾಗೆ ಬಡಿಸಿಕೊಂಡ ಮಗಳನ್ನು ಯಾರೂ ಕಣ್ಣಿಟ್ಟು ನೋಡದೆ, ಮನೆಯವರು ಬೇರೆ ಯಾವುದೋ ಮಾತಿನಲ್ಲಿ ತೊಡಗಿರುವ ದಿನ ಬಂದಾಗ ಹೆತ್ತವರ ಈ ಕೆಲಸ ಮುಗಿಯಿತೆನ್ನಬಹುದು.